ಕೊಡಗಿನ ಅಂಗಳದಲ್ಲಿ ಮೊದಲ ಟೆಲಿಸ್ಕೋಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಲಿಸ್ಕೋಪ್ ಕೊಂಡವರು ಸಾಮಾನ್ಯವಾಗಿ ಮೂರನೆಯ ದಿನ ನನಗೆ ಫೋನ್ ಮಾಡುತ್ತಾರೆ. ಮೊದಲ ದಿನ ಜೋಡಿಸಿರುತ್ತಾರೆ, ಎರಡನೆಯ ದಿನ ಚಂದ್ರನನ್ನು ಹೇಗೋ ಹಿಡಿದಿರುತ್ತಾರೆ, ಮೂರನೆಯ ದಿನ ಕೈಪಿಡಿಯೊಂದಿಗೆ ಜಗಳ ಶುರುವಾಗಿರುತ್ತದೆ. ತಪ್ಪು ಅವರದಲ್ಲ. ಕೈಪಿಡಿ ಬರೆದವರ ಊರಿನಲ್ಲಿ ಧ್ರುವ ನಕ್ಷತ್ರ ಮಾಡಿನ ಮೇಲೆ ಎತ್ತರದಲ್ಲಿ ನಿಂತಿರುತ್ತದೆ. ನಮ್ಮಲ್ಲಿ ಅದು ಸಿಲ್ವರ್ ಓಕ್ ಸಾಲಿನ ಹಿಂದೆ, ಆಚೆ ಗುಡ್ಡದ ನೆತ್ತಿಯ ಬಳಿ ಎಲ್ಲೋ ಇರುತ್ತದೆ. ಇಕ್ವಟೋರಿಯಲ್ ಮೌಂಟಿನ (ಕೊಳವೆಯನ್ನು ಹೊತ್ತು ತಿರುಗಿಸುವ ಓರೆ ಸ್ಟ್ಯಾಂಡಿನ) ತೊಂದರೆಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟುವಂಥವು.

ಉದಾಹರಣೆಗಳಿಗೆಲ್ಲ 114 ಮಿ.ಮೀ. ಕನ್ನಡಿ, 900 ಮಿ.ಮೀ. ಸಂಗಮದೂರದ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ನ್ಯೂಟೋನಿಯನ್, ಅಂದರೆ ಕನ್ನಡಿಯಿಂದ ಬೆಳಕು ಹಿಡಿಯುವ ಟೆಲಿಸ್ಕೋಪನ್ನು ಇಟ್ಟುಕೊಂಡಿದ್ದೇನೆ. ಹೊಸಬರ ಮನೆಯಲ್ಲಿ ಹೆಚ್ಚಾಗಿ ಕಾಣುವುದು ಅದೇ.

ಈ ಮೌಂಟ್ ಏಕೆ ಹೀಗೆ ಸೊಟ್ಟಗಿದೆ? ನೆಟ್ಟಗಿನ ಸ್ಟ್ಯಾಂಡ್ ಸಾಲದೇ?

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಬರಿಗಣ್ಣಿಗೆ ಇದು ಗೊತ್ತಾಗುವುದಿಲ್ಲ, 90 ಪಟ್ಟು ಹಿಗ್ಗಿಸಿದಾಗ ಚೆನ್ನಾಗಿಯೇ ಗೊತ್ತಾಗುತ್ತದೆ. ಕಣ್ಣಿಟ್ಟು ನೋಡುವ ಮಸೂರದ, ಅಂದರೆ ಐಪೀಸಿನ ನಡುವೆ ಇಟ್ಟ ಗುರುಗ್ರಹ ಒಂದು ನಿಮಿಷದಲ್ಲಿ ಅಂಚಿಗೆ ಬಂದು ಮಾಯವಾಗುತ್ತದೆ. ನೆಟ್ಟಗಿನ ಸ್ಟ್ಯಾಂಡಿನಲ್ಲಿ ಅದನ್ನು ಹಿಂಬಾಲಿಸಲು ಕೊಳವೆಯನ್ನು ಮೇಲಕ್ಕೂ ಪಕ್ಕಕ್ಕೂ ಒಟ್ಟಿಗೆ ದೂಡುತ್ತಿರಬೇಕು. ಇಕ್ವಟೋರಿಯಲ್ ಮೌಂಟಿನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆ ಮಾಡಿಟ್ಟರೆ ಒಂದೇ ತಿರುಪು ಸಾಕು. ಅದೇ ಆರ್‌ಎ (ರೈಟ್ ಅಸೆನ್ಷನ್) ಅಕ್ಷ. ಅದಕ್ಕೆ ಅಡ್ಡಲಾಗಿರುವುದು ಡೆಕ್ (ಡೆಕ್ಲಿನೇಷನ್) ಅಕ್ಷ.

ಈ ವಿನ್ಯಾಸಕ್ಕೆ ಜರ್ಮನ್ ಮೌಂಟ್ ಎಂಬ ಹೆಸರೂ ಉಂಟು. ಜೋಸೆಫ್ ಫ್ರೌನ್‌ಹೋಫರ್ ಮಾಡಿದ ದೊಡ್ಡ ದೂರದರ್ಶಕವೊಂದು ಇಂಥ ಮೌಂಟಿನೊಂದಿಗೆ 1824ರಲ್ಲಿ ದೋರ್ಪಾಟ್ ವೀಕ್ಷಣಾಲಯ ಸೇರಿತು. ದೋರ್ಪಾಟ್ ಎಂದರೆ ಇಂದಿನ ಎಸ್ಟೋನಿಯಾದ ಟಾರ್ಟು, ಅಕ್ಷಾಂಶ 58 ಡಿಗ್ರಿ. ಅಲ್ಲಿ ಅಕ್ಷ ಆಕಾಶದತ್ತ ಚೆನ್ನಾಗಿ ತಲೆ ಎತ್ತಿ ನಿಲ್ಲುತ್ತದೆ. ಅದೇ ಯಂತ್ರ ನಮ್ಮ 12 ಡಿಗ್ರಿಗೆ ಬಂದಾಗ ಹೆಚ್ಚುಕಡಿಮೆ ಮಲಗಿಬಿಡುತ್ತದೆ.

ಅಕ್ಷಾಂಶದ ಮಾಪಕವನ್ನು ಎಷ್ಟಕ್ಕೆ ಇಡಬೇಕು?

ಮಡಿಕೇರಿಗೆ 12.4 ಡಿಗ್ರಿ, ವಿರಾಜಪೇಟೆಗೆ 12.2, ಸೋಮವಾರಪೇಟೆಗೆ 12.6. ಜಿಲ್ಲೆಯಲ್ಲಿ ಎಲ್ಲಿದ್ದರೂ ಹನ್ನೆರಡೂವರೆಗೆ ಇಟ್ಟು ಬೋಲ್ಟ್ ಬಿಗಿ ಮಾಡಿ, ಮತ್ತೆ ಅದನ್ನು ಮುಟ್ಟಬೇಡಿ. ಮೌಂಟಿಗೆ ಅಂಟಿಸಿದ ಮಾಪಕದ ಚೀಟಿಯನ್ನು ನಾನು ನಂಬುವುದಿಲ್ಲ. ಎರಡು ಮೂರು ಡಿಗ್ರಿ ತಪ್ಪಾಗಿ ಅಂಟಿಸಿದ್ದನ್ನು ನೋಡಿದ್ದೇನೆ. ಮುಕ್ಕಾಲಿಯನ್ನು ರಸಮಟ್ಟದಿಂದ ಸಮ ಮಾಡಿ, ಆರ್‌ಎ ಅಕ್ಷದ ಬೆನ್ನಿನ ಮೇಲೆ ಮೊಬೈಲ್ ಇಟ್ಟು ಓರೆ ಅಳೆಯುವ ಆ್ಯಪಿನಲ್ಲಿ ನೋಡಿದರೆ ನಿಜ ತಿಳಿಯುತ್ತದೆ. ಈ ಕೆಲಸವನ್ನು ಕೊಳವೆ ಏರಿಸುವ ಮೊದಲೇ ಮುಗಿಸಬೇಕು. ಭಾರ ಹೊತ್ತ ಮೌಂಟಿನ ಬೋಲ್ಟ್ ಸಡಿಲಿಸಿದರೆ ಅದರ ತಲೆ ಮುಂದಕ್ಕೆ ಕುಸಿಯುತ್ತದೆ, ನಡುವೆ ಬೆರಳು ಸಿಕ್ಕಿಕೊಳ್ಳುತ್ತದೆ.

ಇಷ್ಟು ತಗ್ಗಿಸಿದ ಮೌಂಟ್ ಹಾಳಾಗಿದೆಯೇನೋ ಎಂಬ ಅನುಮಾನ ಬಂದರೆ ತಮಿಳುನಾಡಿನ ಕಾವಲೂರಿನ ವೈನು ಬಾಪು ವೀಕ್ಷಣಾಲಯವನ್ನು ನೆನೆಯಿರಿ. ಅದರ ಅಕ್ಷಾಂಶವೂ ಸೋಮವಾರಪೇಟೆಯದೇ. ಅಲ್ಲಿನ 2.3 ಮೀಟರ್ ದೂರದರ್ಶಕ ನಿಂತಿರುವುದೂ ಇಕ್ವಟೋರಿಯಲ್ ಮೌಂಟಿನ ಮೇಲೆಯೇ. ಅದರ ಅಕ್ಷವೂ ನಿಮ್ಮದರಷ್ಟೇ ತಗ್ಗು.

ನನ್ನ ಮೌಂಟ್ 20 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲ. ಏನು ಮಾಡಲಿ?

ಸಣ್ಣ ಮೌಂಟ್‌ಗಳಲ್ಲಿ ಕೆಲವಕ್ಕೆ ಈ ರೋಗವಿದೆ. ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೊಂಡಾಗಿದ್ದರೆ ಉಳಿದ ಏಳೂವರೆ ಡಿಗ್ರಿಯನ್ನು ಮುಕ್ಕಾಲಿಯಿಂದಲೇ ಪಡೆಯಬೇಕು. ಒಂದು ಕಾಲು ದಕ್ಷಿಣಕ್ಕೂ ಎರಡು ಕಾಲು ಉತ್ತರದ ಕಡೆಗೂ ಬರುವಂತೆ ನಿಲ್ಲಿಸಿ, ದಕ್ಷಿಣದ ಕಾಲನ್ನು ಉದ್ದ ಮಾಡಿ ಇಡೀ ಮೌಂಟನ್ನು ಉತ್ತರಕ್ಕೆ ಬಾಗಿಸಿ. ದಕ್ಷಿಣದ ಕಾಲಿಗೂ ಉತ್ತರದ ಜೋಡಿಗೂ ನಡುವೆ ಒಂದು ಮೀಟರ್ ಅಂತರವಿದ್ದರೆ 13 ಸೆಂಟಿಮೀಟರ್ ಎತ್ತರಿಸಬೇಕಾಗುತ್ತದೆ. ಒಂದು ಇಟ್ಟಿಗೆ, ಒಂದು ಹಲಗೆಯ ತುಂಡು ಸಾಕು. ಬಾಗಿದ ಮುಕ್ಕಾಲಿ ಉತ್ತರಕ್ಕೆ ಮಗುಚಿಕೊಳ್ಳುವ ಅಪಾಯವಿರುವುದರಿಂದ ದಕ್ಷಿಣದ ಕಾಲಿನ ಬುಡಕ್ಕೆ ಮರಳಿನ ಚೀಲ ಕಟ್ಟಿ.

ಕೊಳವೆಯ ಭಾರವನ್ನು ಸರಿದೂಗಿಸುವ ಎದುರುತೂಕ ಮುಕ್ಕಾಲಿಯ ಕಾಲಿಗೆ ಬಡಿಯುತ್ತಿದೆ.

ಇದೂ ತಗ್ಗು ಅಕ್ಷಾಂಶದ್ದೇ ಕಾಟ. ಒಂದು ಕಾಲನ್ನು ಉತ್ತರಕ್ಕೆ ಇಡಿ ಎಂದು ಕೈಪಿಡಿಯಲ್ಲಿ ಇರುತ್ತದೆ. ಅಲ್ಲಿನವರಿಗೆ ಅದು ಸರಿ. ನಮ್ಮಲ್ಲಿ ಎದುರುತೂಕದ ಸರಳು ನೇರ ಕೆಳಕ್ಕೆ, ಸರಿಯಾಗಿ ಉತ್ತರದ ಕಾಲಿನ ಮೇಲೆಯೇ ತೂಗುತ್ತದೆ. ಉತ್ತರ ದಿಕ್ಕು ಎರಡು ಕಾಲುಗಳ ನಡುವಿನ ತೆರಪಿಗೆ ಬರುವಂತೆ ತಿರುಗಿಸಿ ನಿಲ್ಲಿಸಿದರೆ ಸರಳು ಆ ತೆರಪಿನಲ್ಲಿ ಆಡುತ್ತದೆ. ಆಗ ಕಾಲುಗಳನ್ನು ಪೂರ್ತಿ ಅಗಲಿಸಿ, ಎತ್ತರ ಕಡಿಮೆ ಮಾಡಿ. ಕುರ್ಚಿಯಲ್ಲಿ ಕುಳಿತು ನೋಡಿದರಾಯಿತು. ನಿಂತು ನೋಡುವವರಿಗೆ ಹತ್ತು ನಿಮಿಷದಲ್ಲಿ ಬೇಸರ ಬರುತ್ತದೆ.

ಧ್ರುವ ನಕ್ಷತ್ರವೇ ಕಾಣುವುದಿಲ್ಲ. ಉತ್ತರಕ್ಕೆ ಹೊಂದಿಸುವುದು ಹೇಗೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಧ್ರುವ ನಕ್ಷತ್ರದ ಎತ್ತರ ಎಂದರೆ ನಿಮ್ಮ ಅಕ್ಷಾಂಶವೇ. ತೋಳು ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಒಂದೂಕಾಲು ಮುಷ್ಟಿ ಎತ್ತರದಲ್ಲಿ ಅದು ಇರಬೇಕು. ಕೊಡಗಿನಲ್ಲಿ ದಿಗಂತ ಎಂಬುದು ಎಷ್ಟು ಮನೆಗಳಿಗೆ ಕಾಣುತ್ತದೆ? ಕಂಡರೂ ಆ ಎತ್ತರದಲ್ಲಿ ಮಂಜಿನ ಪೊರೆ. ಹುಡುಕಲು ನೆರವಾಗುವ ಸಪ್ತರ್ಷಿ ಮಂಡಲವೂ ಇಲ್ಲಿ ಮುಳುಗಿ ಏಳುವಂಥದು. ನವೆಂಬರ್ ಸಂಜೆ ಅದು ಇರುವುದೇ ಇಲ್ಲ. ಆಗ ಕ್ಯಾಸಿಯೋಪಿಯದ ಐದು ನಕ್ಷತ್ರಗಳೇ ಗತಿ. ನಾನು ಮೊದಲ ಎರಡು ಸಂಜೆ ಬಹಳ ಶ್ರದ್ಧೆಯಿಂದ ಮೌಂಟನ್ನು ಹೊಂದಿಸಿದ್ದು ಎದುರಿನ ಗುಡ್ಡದ ಮನೆಯೊಂದರ ದೀಪಕ್ಕೆ. ಮೂರನೆಯ ಸಂಜೆ ಅವರು ಬೇಗ ಮಲಗಿದರು, ಧ್ರುವ ಆರಿಹೋಯಿತು!

ಹಾಗಾಗಿ ನನ್ನ ಸಲಹೆ: ಧ್ರುವನನ್ನು ಬಿಟ್ಟು ಸೂರ್ಯನ ನೆರಳನ್ನು ಹಿಡಿಯಿರಿ. ಗಾರೆಯವರ ತೂಗುಗುಂಡನ್ನು ಅಂಗಳದಲ್ಲಿ ಇಳಿಬಿಡಿ. ಸೂರ್ಯ ಮಧ್ಯಾಹ್ನರೇಖೆ ದಾಟುವ ಕ್ಷಣದಲ್ಲಿ ದಾರದ ನೆರಳು ಸರಿಯಾಗಿ ಉತ್ತರ-ದಕ್ಷಿಣವಾಗಿ ಬೀಳುತ್ತದೆ. ಆ ಕ್ಷಣ ಗಡಿಯಾರದ ಹನ್ನೆರಡಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಮಡಿಕೇರಿ ಇರುವುದು 75.7ರಲ್ಲಿ, ಅಲ್ಲಿಗೆ 27 ನಿಮಿಷ ತಡ. ಅದರ ಮೇಲೆ ಋತುವಿನ ಓಲಾಟ ಬೇರೆ: ನವೆಂಬರ್ ಆರಂಭದಲ್ಲಿ ಸುಮಾರು 12:11, ಫೆಬ್ರವರಿ ನಡುವೆ ಸುಮಾರು 12:41. ಕ್ರಿಸ್‌ಮಸ್ ದಿನ ಓಲಾಟ ಸೊನ್ನೆಗೆ ಹತ್ತಿರ, ಹಾಗಾಗಿ 12:27. ಡಿಸೆಂಬರ್‌ನಲ್ಲಿ ನೆರಳು ಉದ್ದವಾಗಿಯೂ ಇರುತ್ತದೆ, ಎರಡು ನಿಮಿಷ ಆಚೀಚೆ ಆದರೂ ತಪ್ಪು ಒಂದು ಡಿಗ್ರಿ ಮೀರುವುದಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡಿ; 23ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆರಳೇ ಕಾಲಡಿ ಸೇರುತ್ತದೆ.

ಬಿದ್ದ ನೆರಳಿನ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದು, ಮುಕ್ಕಾಲಿಯ ಮೂರು ಪಾದಗಳಿಗೂ ಗುರುತು ಹಾಕಿಬಿಡಿ. ಮುಂದೆ ಪ್ರತಿ ಸಂಜೆ ಗುರುತಿನ ಮೇಲೆ ಕಾಲಿಟ್ಟರೆ ಮುಗಿಯಿತು. ನನ್ನ ಅಂಗಳದ ಗೆರೆ ಎಳೆದು ಆರು ವರ್ಷವಾಯಿತು, ಪ್ರತಿ ಮಳೆಗಾಲದ ನಂತರ ಮತ್ತೆ ಬಳಿಯುತ್ತೇನೆ.

ದಿಕ್ಸೂಚಿಯೂ ಆಗುತ್ತದೆ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ. ಆದರೆ ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಮೌಂಟಿನ ಪಕ್ಕ ಹಿಡಿದರೆ ಅದು ಸುಳ್ಳು ಹೇಳುತ್ತದೆ. ದೂರ ನಿಂತು ನೆಲದ ಮೇಲೆ ಗೆರೆ ಹಾಕಿಕೊಂಡು, ಆಮೇಲೆ ಮೌಂಟ್ ತನ್ನಿ.

ಹೀಗೆ ಅಂದಾಜಿನಲ್ಲಿ ಇಟ್ಟರೆ ಸಾಕೇ?

ಕಣ್ಣಿನಿಂದ ನೋಡುವುದಕ್ಕೆ ಧಾರಾಳವಾಗಿ ಸಾಕು. ಎರಡು ಡಿಗ್ರಿ ತಪ್ಪಿದ್ದರೂ ಹತ್ತು ನಿಮಿಷದಲ್ಲಿ ನಕ್ಷತ್ರ ಪಕ್ಕಕ್ಕೆ ಜಾರುವುದು ಹೆಚ್ಚೆಂದರೆ ಚಂದ್ರನ ಅಗಲದ ಆರನೇ ಒಂದು ಭಾಗ. ಡೆಕ್ ತಿರುಪನ್ನು ಒಮ್ಮೆ ಮುಟ್ಟಿದರೆ ಸರಿಹೋಯಿತು. ಧ್ರುವ ನಕ್ಷತ್ರವೂ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಹೆಚ್ಚೇ ಸರಿದು ನಿಂತಿದೆ, ಅದನ್ನೇಕೆ ಅಷ್ಟು ಪೂಜಿಸಬೇಕು?

ಇನ್ನೂ ಹದ ಮಾಡುವ ಹಟವಿದ್ದವರು ದಕ್ಷಿಣದಲ್ಲಿ ಎತ್ತರಕ್ಕೆ ಬಂದ ಒಂದು ನಕ್ಷತ್ರವನ್ನು ಆರ್‌ಎ ತಿರುಪಿನಿಂದಷ್ಟೇ ಹಿಂಬಾಲಿಸಿ ನೋಡಿ. ಅದು ದಕ್ಷಿಣಕ್ಕೆ ಜಾರುತ್ತಿದ್ದರೆ ಮೌಂಟಿನ ಮೂತಿ ಪೂರ್ವಕ್ಕೆ ಹೆಚ್ಚಾಗಿದೆ, ಉತ್ತರಕ್ಕೆ ಜಾರುತ್ತಿದ್ದರೆ ಪಶ್ಚಿಮಕ್ಕೆ. ಐಪೀಸಿನಲ್ಲಿ ಯಾವುದು ದಕ್ಷಿಣ ಎಂಬ ಗೊಂದಲವಾದರೆ ಕೊಳವೆಯ ಮೂತಿಯನ್ನು ಉತ್ತರಕ್ಕೆ ತುಸು ದೂಡಿ. ನಕ್ಷತ್ರ ಸರಿದ ಕಡೆಯೇ ದಕ್ಷಿಣ.

ಜೋಡಿಸುವ ಕ್ರಮ ಯಾವುದು?

ಮುಕ್ಕಾಲಿ, ಮೌಂಟ್, ಎದುರುತೂಕ, ಕೊನೆಗೆ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ. ಎದುರುತೂಕದ ಸರಳಿನ ತುದಿಯಲ್ಲಿರುವ ಸಣ್ಣ ಬೋಲ್ಟನ್ನು ಹಾಕಲು ಮರೆಯಬೇಡಿ. ಅದು ಅಲಂಕಾರಕ್ಕಲ್ಲ, ನಿಮ್ಮ ಕಾಲ್ಬೆರಳಿಗಾಗಿ ಇರುವುದು.

ನಂತರ ಸಮತೋಲ. ಸರಳನ್ನು ನೆಲಕ್ಕೆ ಸಮಾನಾಂತರವಾಗಿ ತಂದು, ಕೊಳವೆಯ ಮೇಲೆ ಕೈಯಿಟ್ಟುಕೊಂಡೇ ಆರ್‌ಎ ಹಿಡಿಯನ್ನು ಸಡಿಲಿಸಿ. ಯಾವ ಕಡೆ ವಾಲುತ್ತದೆಂದು ನೋಡಿ ಎದುರುತೂಕವನ್ನು ಸರಿಸಿ. ತಕ್ಕಡಿಯ ಲೆಕ್ಕವೇ. ಡೆಕ್‌ಗೆ ಕೊಳವೆಯನ್ನು ಅದರ ಬಳೆಗಳೊಳಗೆ ಹಿಂದೆ ಮುಂದೆ ಸರಿಸಬೇಕು. ಐಪೀಸ್, ಫೈಂಡರ್ (ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸುವ ಸಣ್ಣ ಸಾಧನ) ಎಲ್ಲ ಹಾಕಿದ ಮೇಲೆ ಇದನ್ನು ಮಾಡಿ. ಎಲ್ಲವೂ ಮುಗಿದಾಗ ಕೊಳವೆ ಉತ್ತರಕ್ಕೆ ಮುಖ ಮಾಡಿ ಕೋಟೆಯ ಫಿರಂಗಿಯಂತೆ ಮಲಗಿರುತ್ತದೆ. ಗಾಬರಿ ಬೇಡ, ನಮ್ಮ ಅಕ್ಷಾಂಶದಲ್ಲಿ ಅದರ ವಿಶ್ರಾಂತಿಯ ಭಂಗಿಯೇ ಅದು.

ಏನು ಮಾಡಿದರೂ ಐಪೀಸಿನಲ್ಲಿ ಕತ್ತಲೆ ಮಾತ್ರ.

ಫೈಂಡರ್ ಹೊಂದಿಸಿಲ್ಲ ಎಂದರ್ಥ. ಇದನ್ನು ಹಗಲಿನಲ್ಲೇ ಮಾಡಿ: ಕನಿಷ್ಠ ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರ್ ತುದಿಯನ್ನು 25 ಮಿ.ಮೀ. ಐಪೀಸಿನ ನಡುವೆ ತಂದು, ಫೈಂಡರಿನ ತಿರುಪುಗಳಿಂದ ಅದರ ಗುರುತನ್ನೂ ಅದೇ ತುದಿಗೆ ತನ್ನಿ. ಟವರ್ ತಲೆಕೆಳಗಾಗಿ ಕಾಣುವುದು ದೋಷವಲ್ಲ, ನ್ಯೂಟೋನಿಯನ್ ತೋರಿಸುವುದೇ ಹಾಗೆ. ಮೂತಿಯ ದೊಡ್ಡ ಮುಚ್ಚಳ ತೆಗೆಯದೆ ಅದರೊಳಗಿನ ಸಣ್ಣ ಮುಚ್ಚಳವನ್ನಷ್ಟೇ ತೆಗೆದು ಪರದಾಡಿದವರೂ ಇದ್ದಾರೆ.

ಪೆಟ್ಟಿಗೆಯ ಮೇಲೆ 675 ಪಟ್ಟು ಎಂದಿದೆ. ನಿಜವೇ?

ಸಂತೆಯಲ್ಲಿ ಕೂಗುವ ಮಾತು. ಕನ್ನಡಿಯ ವ್ಯಾಸದ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಮೇಲ್ಮಿತಿ. 114ಕ್ಕೆ ಸುಮಾರು 228. ಸಂಗಮದೂರವನ್ನು ಐಪೀಸಿನ ಸಂಖ್ಯೆಯಿಂದ ಭಾಗಿಸಿದರೆ ಹಿಗ್ಗಿಕೆ ಸಿಗುತ್ತದೆ: 25 ಮಿ.ಮೀ. ಹಾಕಿದರೆ 36 ಪಟ್ಟು, 10 ಹಾಕಿದರೆ 90. ಯಾವಾಗಲೂ 25ರಿಂದ ಶುರು ಮಾಡಿ. ಜೊತೆಗೆ ಬರುವ 4 ಮಿ.ಮೀ. ಐಪೀಸನ್ನು ಪೆಟ್ಟಿಗೆಯಲ್ಲೇ ಬಿಡಿ. ಕಣ್ಣಿನ ರೆಪ್ಪೆ ಗಾಜಿಗೆ ತಾಗುತ್ತದೆ, ಕಾಣುವುದು ಬರೀ ಮಬ್ಬು.

ಆಕಾಶದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರೆ ಐಪೀಸ್ ಹೊಟ್ಟೆಯಡಿಗೆ ಹೋಗಿಬಿಡುತ್ತದೆ.

ಬಳೆಗಳನ್ನು ಸಡಿಲಿಸಿ ಕೊಳವೆಯನ್ನೇ ಉರುಳಿಸಿ ಐಪೀಸನ್ನು ಕೈಗೆ ಸಿಗುವ ಕಡೆ ತನ್ನಿ. ನೆತ್ತಿಯ ಹತ್ತಿರ ಕೊಳವೆಯ ಬುಡ ಮುಕ್ಕಾಲಿಗೆ ತಾಗಿದರೆ ಒತ್ತಬೇಡಿ. ಎರಡೂ ಅಕ್ಷಗಳನ್ನು ಸಡಿಲಿಸಿ, ಕೊಳವೆಯನ್ನು ಮೌಂಟಿನ ಆಚೆ ಬದಿಗೆ ದಾಟಿಸಿ ಅದೇ ನಕ್ಷತ್ರಕ್ಕೆ ಹಿಂತಿರುಗಿ. ಆರಂಭದಲ್ಲಿ ಇದು ಗರಡಿಯ ಪಟ್ಟಿನಂತೆ ಎನಿಸುತ್ತದೆ, ಹತ್ತನೆಯ ಸಲಕ್ಕೆ ಕೈಗೆ ಹತ್ತುತ್ತದೆ.

ತೋಟದ ನಡುವೆ ಎಲ್ಲಿ ಇಡಲಿ?

ಆಕಾಶ ತೆರೆದಿರುವ, ಮಟ್ಟವಾದ, ಗಟ್ಟಿ ನೆಲ ಎಂದರೆ ಕಾಫಿ ಕಣ. ತೊಂದರೆಯೆಂದರೆ ಆಕಾಶ ಶುಭ್ರವಾಗಿರುವ ಡಿಸೆಂಬರ್-ಫೆಬ್ರವರಿಯಲ್ಲೇ ಕಣದ ತುಂಬ ಕಾಫಿ ಹರಡಿರುತ್ತದೆ. ಮನೆಯ ಹಿರಿಯರನ್ನು ಒಪ್ಪಿಸಿ ದಕ್ಷಿಣ ತೆರೆದಿರುವ ಒಂದು ಮೂಲೆಯನ್ನು ಮೊದಲೇ ಕಾಯ್ದಿರಿಸಿಕೊಳ್ಳಿ. ಕುಯ್ಲಾದ ಗದ್ದೆಯೂ ಚೆನ್ನ, ಆದರೆ ಅಲ್ಲಿ ಇಬ್ಬನಿ ಹೆಚ್ಚು, ನೆಲ ಮೆತ್ತಗೆ. ಪಾದಗಳಿಗೆ ಹಲಗೆ ಕೊಡಿ. ಕಾಡಾನೆ ಓಡಾಡುವ ಕಡೆ ಮನೆಯ ಅಂಗಳ ಬಿಟ್ಟು ಕದಲಬೇಡಿ. ಐಪೀಸಿಗೆ ಕಣ್ಣಿಟ್ಟವರಿಗೆ ಹಿಂದೆ ಏನಿದೆ ಎಂಬ ಪರಿವೆ ಇರುವುದಿಲ್ಲ. ಮನೆಯ ನಾಯಿ ಒಂದೇ ಸಮನೆ ಬೊಗಳತೊಡಗಿದರೆ ಶನಿಗ್ರಹ ನಾಳೆಯೂ ಇರುತ್ತದೆ, ಒಳಗೆ ಹೋಗಿ.

ಈಚೆಗೆ ಬೆಟ್ಟದ ಮೇಲಿನ ಹೋಂಸ್ಟೇಗಳು ಮರಗಳಿಗೆ ಕಟ್ಟುವ ಬೆಳಕಿನ ಮಾಲೆಗಳ ಬಗ್ಗೆ ನಾನು ಹೇಳಹೊರಟರೆ ಪುಟ ಸಾಲದು.

ಇಲ್ಲಿಂದ ಏನೇನು ಕಾಣುತ್ತದೆ?

ಧ್ರುವ ತಗ್ಗಿದ್ದರ ನಷ್ಟವನ್ನು ದಕ್ಷಿಣದ ಆಕಾಶ ಬಡ್ಡಿ ಸಮೇತ ತೀರಿಸುತ್ತದೆ. ಕೈಪಿಡಿ ಬರೆದವರು ಊರು ಬಿಟ್ಟು ಬಂದೇ ನೋಡಬೇಕಾದ ನಕ್ಷತ್ರಗಳು ನಮ್ಮ ಅಂಗಳಕ್ಕೇ ಬರುತ್ತವೆ. ಫೆಬ್ರವರಿಯಲ್ಲಿ ರಾತ್ರಿ ಒಂಬತ್ತೂವರೆಗೆ ದಕ್ಷಿಣಕ್ಕೆ ತಿರುಗಿ: 25 ಡಿಗ್ರಿ ಎತ್ತರದಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದ ಋಷಿಯ ಹೆಸರಿನ ನಕ್ಷತ್ರ ಕಾವೇರಿಯ ತವರಿನಲ್ಲಿ ಇಷ್ಟು ಚೆನ್ನಾಗಿ ಕಾಣುವುದು ನನಗೆ ಪ್ರತಿ ವರ್ಷವೂ ಹಿತ. ಏಪ್ರಿಲ್-ಮೇ ರಾತ್ರಿಗಳಲ್ಲಿ ಮೋಡ ಬಿಟ್ಟರೆ ತ್ರಿಶಂಕು. ಆಲ್ಫಾ ಸೆಂಟಾರಿಯನ್ನು 90 ಪಟ್ಟಿನಲ್ಲಿ ನೋಡಿದರೆ ಒಂದಲ್ಲ, ಅಂಟಿಕೊಂಡ ಎರಡು ನಕ್ಷತ್ರ. 30 ಡಿಗ್ರಿವರೆಗೆ ಏರುವ ಒಮೇಗಾ ಸೆಂಟಾರಿ ನಕ್ಷತ್ರಗುಚ್ಛ 36 ಪಟ್ಟಿನಲ್ಲಿ ಮಂಕಾದ ಹಿಟ್ಟಿನ ಉಂಡೆಯಂತಿದ್ದು, ಕಣ್ಣು ಪಳಗಿದಂತೆ ಅಂಚಿನಲ್ಲಿ ಪುಡಿಪುಡಿಯಾಗಿ ಒಡೆಯುತ್ತದೆ.

ಚಳಿಗಾಲಕ್ಕೆ ಮಹಾವ್ಯಾಧನ ನೀಹಾರಿಕೆ, ಕೃತ್ತಿಕೆ. ಹುತ್ತರಿಯ ದಿನ ನಿಗದಿಯಾಗುವುದೇ ರೋಹಿಣಿ ನಕ್ಷತ್ರ, ಹುಣ್ಣಿಮೆಗಳ ಲೆಕ್ಕದಲ್ಲಿ. ಕದಿರು ತಂದ ಮೇಲೆ ತಲೆ ಎತ್ತಿ ನೋಡಿದರೆ ಚಂದ್ರನ ಆಸುಪಾಸಿನ ಕೆಂಪು ನಕ್ಷತ್ರವೇ ರೋಹಿಣಿ. ಆ ಬೆಳಕಿನಲ್ಲಿ ನೀಹಾರಿಕೆ ಹುಡುಕುವುದು ದಂಡ. ಚಂದ್ರನನ್ನು ನೋಡಲೂ ಹುಣ್ಣಿಮೆ ಒಳ್ಳೆಯದಲ್ಲ; ಅರ್ಧಚಂದ್ರನ ಅಂಚಿನಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ, ಮಕ್ಕಳಿಗೆ ಅದನ್ನೇ ಮೊದಲು ತೋರಿಸಿ. ಶನಿಯ ಉಂಗುರ 2025ರ ಮಾರ್ಚ್‌ನಲ್ಲಿ ನಮಗೆ ಅಂಚನ್ನಷ್ಟೇ ಒಡ್ಡಿತ್ತು, ಅಲ್ಲಿಂದ ವರ್ಷ ವರ್ಷ ತೆರೆದುಕೊಳ್ಳುತ್ತಿದೆ.

ಸೂರ್ಯನನ್ನು ನೋಡಬಹುದೇ?

ಕೊಳವೆಯ ಮೂತಿಯನ್ನು ಪೂರ್ತಿ ಮುಚ್ಚುವ ಸೌರಶೋಧಕ ಇಲ್ಲದೆ ಒಂದು ಕ್ಷಣವೂ ಕೂಡದು, ಕಣ್ಣು ಹೋಗುತ್ತದೆ. ಐಪೀಸಿಗೆ ತಿರುಗಿಸಿ ಹಾಕುವ ಸಣ್ಣ ಕಪ್ಪು ಗಾಜು ಬಂದಿದ್ದರೆ ಒಡೆದು ಎಸೆಯಿರಿ. ಬಿಸಿಗೆ ಅದು ಕಣ್ಣೆದುರೇ ಬಿರಿಯಬಲ್ಲದು. ಫೈಂಡರನ್ನೂ ಮುಚ್ಚಿ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕುಟ್ಟದ ಕಡೆ ಜನ ಸೇರಿದ್ದರಲ್ಲ, ಅಂಥ ದಿನಗಳಲ್ಲೇ ಉತ್ಸಾಹದ ಭರದಲ್ಲಿ ಅವಘಡವಾಗುವುದು.

ಮೋಟಾರು ಹಾಕಿಸಬೇಕೇ?

ಮೊದಲ ವರ್ಷ ಬೇಡ. ಮೊಬೈಲಿನಲ್ಲಿ ಚಂದ್ರನ ಚಿತ್ರ ತೆಗೆಯಲು ಮೋಟಾರು ಬೇಕಿಲ್ಲ. ಗ್ರಹಗಳನ್ನು ನಾಲ್ಕಾರು ಜನರಿಗೆ ಸರದಿಯಲ್ಲಿ ತೋರಿಸುವವರಿಗೆ ಆರ್‌ಎ ಅಕ್ಷಕ್ಕೊಂದು ಸಣ್ಣ ಮೋಟಾರು ಉಪಕಾರಿ.

ಅರ್ಧ ಗಂಟೆಯಲ್ಲಿ ಎಲ್ಲ ಮಸುಕಾಗುತ್ತದೆ. ಕನ್ನಡಿ ಕೆಟ್ಟಿದೆಯೇ?

ಇಬ್ಬನಿ. ಫೈಂಡರ್, ಐಪೀಸ್ ಮೊದಲು ಮಸುಕಾಗುತ್ತವೆ. ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಕೂದಲು ಒಣಗಿಸುವ ಯಂತ್ರದ ಸಣ್ಣ ಬಿಸಿಗಾಳಿ ಸಾಕು, ಇಲ್ಲವೇ ಐಪೀಸನ್ನು ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿ. ಮಲಗುವ ಫೋಮ್ ಚಾಪೆಯ ತುಂಡನ್ನು ಕೊಳವೆಯ ಮೂತಿಗೆ ಸುತ್ತಿ ಒಂದು ಗೇಣು ಮುಂದಕ್ಕೆ ಚಾಚಿಸಿದರೆ ಗಂಟೆಗಟ್ಟಲೆ ತಡೆಯುತ್ತದೆ. ಆರಂಭದಲ್ಲೇ ಗ್ರಹಗಳು ಕುದಿಯುವಂತೆ ಕಂಡರೆ ಅದು ಬೇರೆ ವಿಷಯ. ಬೆಚ್ಚಗಿನ ಕೋಣೆಯಿಂದ ಬಂದ ಕನ್ನಡಿಗೆ ಹೊರಗಿನ ಚಳಿಗೆ ಒಗ್ಗಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ನೀವು ಊಟ ಮುಗಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಏನು ಮಾಡಲಿ?

ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸು ಹಿಡಿಯುತ್ತದೆ, ಕನ್ನಡಿಯನ್ನು ಬಿಡುತ್ತದೆಯೇ? ಅಟ್ಟಕ್ಕೆ ಹಾಕಬೇಡಿ, ಒದ್ದೆಯಿರುವಾಗ ಮುಚ್ಚಳ ಹಾಕಬೇಡಿ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಕೊಳವೆಯನ್ನು ಸಣ್ಣ ಹಳೆಯ ಬಲ್ಬ್ ಉರಿಯುವ ಕಪಾಟಿನಲ್ಲಿ ನಿಲ್ಲಿಸಿ. ಎಲ್‌ಇಡಿ ಬಲ್ಬ್ ಪ್ರಯೋಜನವಿಲ್ಲ, ಬೇಕಾದದ್ದು ಅದರ ಬಿಸಿ. ವಾರಕ್ಕೊಮ್ಮೆ ಮೌಂಟಿನ ಎರಡೂ ಅಕ್ಷಗಳನ್ನು ಒಂದು ಸುತ್ತು ತಿರುಗಿಸಿಡಿ, ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಗ್ರೀಸ್ ಗಟ್ಟಿಯಾಗಿ ಜಪ್ಪಯ್ಯ ಎಂದರೂ ಕದಲುವುದಿಲ್ಲ.